ಗೋಡೆಗೆ ಒರಗಿದವಳು

ಬೆರಳಿಗೆ ಅಂಟಿದ ಬಿಳಿಯನ್ನು ಸೆರಗಿಗೆ ಒರೆಸಿಕೊಂಡಾದ ಮೇಲೂ ಅದು ಅಲ್ಲೇ ಇದ್ದಂತೆ ಅನ್ನಿಸಿ ಕಮಲಿ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಏನೂ ಇರಲಿಲ್ಲ. ಅವಳು ಕೂತಿದ್ದ ಕಟ್ಟಡ ಒಂದು ಕಾಲಕ್ಕೆ ಕುಮಟೆಯ ಸಾಹುಕಾರರೊಬ್ಬರು ಅರಳೆ ತುಂಬಿಡುತ್ತಿದ್ದ ಮಳಿಗೆ. ಯುದ್ಧ ಮುಗಿದ ಮೇಲೆ ಸರ್ಕಾರದ ಮಲೇರಿಯಾ ಸಂಶೋಧನಾ ಕೇಂದ್ರವಾಗಿತ್ತು. ಅರಳೆ ಖಾಲಿಯಾಗಿ ಎಷ್ಟೋ ವರ್ಷವಾಗಿದ್ದರೂ ಜಂತಿಯ ಸಂದಿಯಿಂದ ಎಳೆ ಎಳೆಯಾಗಿ ಇನ್ನೂ ಉದುರುತ್ತಿತ್ತು. ಹಿಂದಿನ ಕೋಣೆಯಲ್ಲಿ ಡಬ್ಬದಿಂದ ಸೊಳ್ಳೆ ಕೊಲ್ಲುವ ಪುಡಿ ಅಳೆದು ಹಾಕುವಾಗ ಏಳುವ ಧೂಳು ಬಂದು ಅದರ ಜತೆ ಸೇರಿಕೊಳ್ಳುತ್ತಿತ್ತು. ಯಾವುದು ಹತ್ತಿ ಯಾವುದು ಔಷಧ ಎಂದು ಹೇಳಲಾಗದ ಆ ಬಿಳಿ ಬಿಸಿಲುಕೋಲಿನಲ್ಲಿ ಇಳಿಯುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ಅವಳಿಗೆ ತಿಳಿಯುತ್ತಿರಲಿಲ್ಲ. ಮೇಜಿನ ಮೇಲೆ ಅರ್ಧ ಬರೆದ ಹಾಳೆ ಇತ್ತು. ನಾಳೆ ಮುಂಬಯಿಯಿಂದ ಸಮಿತಿಯವರು ಬರುವವರು, ಜತೆಗೆ ಪತ್ರಿಕೆಯವರು. ಬರುವ ವರ್ಷಕ್ಕೂ ಸರ್ಕಾರದ ಹಣ ಈ ಮಳಿಗೆಗೆ ಬರುತ್ತದೋ ಇಲ್ಲವೋ ಎನ್ನುವುದು ಅವರು ಕಾಗಾಲ ಎಂಬ ಹಳ್ಳಿಯಲ್ಲಿ ಕಾಣುವುದರ ಮೇಲೆ ನಿಂತಿತ್ತು. 'ಕಾಗಾಲದಲ್ಲಿ ಒಂದು ಬಾಗಿಲೂ ನಮಗೆ ಮುಚ್ಚಲಿಲ್ಲ. ಅದು ಹೇಗಾಯಿತು ಅಂತ ಬರೆಯಿರಿ ಕಮಲಾಬಾಯಿ,' ಎಂದು ಕೇಂದ್ರದ ಮುಖ್ಯಸ್ಥ ಸಬ್ನೀಸ್ ಸಾಹೇಬರು ಹೇಳಿ ಹೋಗಿದ್ದರು. ಅವಳು 'ಜನತೆಯ ಸಹಕಾರ' ಎಂದು ತಲೆಬರಹ ಕೊಟ್ಟು, 'ಹಳ್ಳಿಯ ಹೆಂಗಸರು ವಿಜ್ಞಾನದ ಮಹತ್ವವನ್ನು ಮನಗಂಡು' ಎಂಬಲ್ಲಿಗೆ ನಿಂತಿದ್ದಳು. ಅಲ್ಲಿಂದ ಮುಂದೆ ಲೇಖನಿ ಹೋಗುತ್ತಿರಲಿಲ್ಲ.

ಕೇಂದ್ರದ ಪ್ರಚಾರ ವಿಭಾಗವೆಂದರೆ ಅವಳೊಬ್ಬಳೇ. ಶಿರಾಲಿಯ ಶಾಲೆಯಲ್ಲಿ ಅಕ್ಕೋರಾಗಿದ್ದವಳನ್ನು ಕರೆತಂದು ಈ ಮೇಜಿಗೆ ಕೂರಿಸಿದ್ದರು. ಸಾಹೇಬರು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದ ಕರಪತ್ರ ಮಾಡುವುದು, ಗಾಜಿನ ಚಿತ್ರಗಳನ್ನು ಪರದೆಯ ಮೇಲೆ ಬಿಡುವ ದೀಪ ಹೊತ್ತು ಊರೂರಿಗೆ ಹೋಗುವುದು, ಡಂಗುರದವನಿಗೆ ಮಾತು ಕಲಿಸುವುದು ಅವಳ ಕೆಲಸ. ಡಾಕ್ಟರಲ್ಲ, ಕಾಂಪೌಂಡರಲ್ಲ, ಗುಮಾಸ್ತೆಯೂ ಅಲ್ಲ. ಸೂಕ್ಷ್ಮದರ್ಶಕದ ಕೋಣೆಗೆ ಅವಳು ಹೋದರೆ ಒಳಗಿನವರು ಮಾತು ನಿಲ್ಲಿಸಿ, ಚಹಾ ತಂದಳೋ ಎಂಬಂತೆ ಕೈ ನೋಡುತ್ತಿದ್ದರು.

'ಕತೆ ಆಫೀಸು ಇವತ್ತು ಎಂತ ಹೇಳ್ತದೆ?' ಎಂದು ಗುಮಾಸ್ತ ವೆಂಕಟ ಬಾಗಿಲಲ್ಲಿ ನಿಂತು ಕೇಳಿದ. 'ನಾಳೆ ಬರೂ ದೊಡ್ಡೋರಿಗೂ ಒಂದು ಕತೆ ಹೇಳಿ ಬಿಡಿ ಕಮಲಾಬಾಯಿ. ಒಂದೂರೊಳಗೆ ಒಬ್ಬ ಗುಮಾಸ್ತ ಇದ್ದ, ಅವನಿಗೆ ಮೂರು ವರ್ಷದಿಂದ ಪಗಾರ ಏರ್ಲಿಲ್ಲ, ಅಂತ.'

'ಕಡೀಗೆ ಎಂತಾತು ಅಂತ ಕೇಳಿದ್ರೆ?'

'ಕಡೀಗೆ ಅವ ಸತ್ತೇ ಹೋದ ಅನ್ನಿ. ಅವರಿಗೂ ಸುಲಭ.'

ಅವಳು ನಕ್ಕಳು. ಕತೆಯ ಮಾತನ್ನು ಅವನು ತಿಳಿದೇ ಆಡಿದನೋ ತಿಳಿಯದೆ ಆಡಿದನೋ ಎಂದು ಅವಳ ಮನಸ್ಸು ಬೆನ್ನು ಹತ್ತಿತು. ಕಾಗಾಲದಲ್ಲಿ ಬಾಗಿಲು ತೆಗೆಸಿದ್ದು ಕರಪತ್ರವಲ್ಲ ಎನ್ನುವುದು ಆಫೀಸಿಗೆಲ್ಲ ಗೊತ್ತಿತ್ತು. ಏನು ತೆಗೆಸಿತು ಎಂದು ಯಾರೂ ಕೇಳಿರಲಿಲ್ಲ. ಮೊದಲ ಸಲ ಪುಡಿ ಹೊಡೆಯುವ ಪಂಪು ಹೊತ್ತು ಹೋದಾಗ ಹೆಂಗಸರು ಅಡ್ಡ ನಿಂತಿದ್ದರು. ಯುದ್ಧಕ್ಕೆ ತಂದು ಉಳಿದದ್ದನ್ನು ನಮ್ಮ ಒಲೆಯ ಮೇಲೆ ಹೊಡೀತಾರೆ, ಒಳಗೆ ಗಂಡಸರು ನುಗ್ಗಿ ಅಡುಗೆ ಮನೆ ನೋಡ್ತಾರೆ ಎಂದು ಬೈದಿದ್ದರು. ಗಣಪಿ ಎಂಬವಳು ಪಂಪಿನ ಸುಬ್ಬನನ್ನು ಕಸಬರಿಕೆ ಹಿಡಿದು ಗದ್ದೆಯ ಬದುವಿನವರೆಗೆ ಅಟ್ಟಿದ್ದಳು. ಆ ದಿನ ಕಮಲಿ ಸಾಹೇಬರು ಕೊಟ್ಟ ಚಿತ್ರದ ಸುರುಳಿ ಬಿಚ್ಚಿ ತೋರಿಸಿದ್ದಳು: ಸೊಳ್ಳೆ ರಕ್ತ ಕುಡಿಯುತ್ತದೆ, ಕುಡಿದು ಮೈ ಭಾರವಾಗಿ ಹಾರಲಾರದೆ ಹತ್ತಿರದ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ, ಗೋಡೆಗೆ ಪುಡಿ ಹೊಡೆದಿದ್ದರೆ ಅಲ್ಲೇ ಸಾಯುತ್ತದೆ. ಚಿತ್ರದ ಸೊಳ್ಳೆ ಬೆಕ್ಕಿನಷ್ಟು ದೊಡ್ಡದಿತ್ತು. ನಮ್ಮೂರ ಸೊಳ್ಳೆ ಇಷ್ಟು ದೊಡ್ಡದಿಲ್ಲ ಅಕ್ಕೋರೆ, ಇದು ನಿಮ್ಮ ಮುಂಬಯಿದು, ಎಂದು ಹೆಂಗಸರು ಎದ್ದು ಹೋಗಿದ್ದರು.

ಆಗ ಅವಳಿಗೆ ನೆನಪಾದದ್ದು ಶಿರಾಲಿಯ ಮನೆಯ ಹಿತ್ತಿಲ ಜಗಲಿ, ಅಜ್ಜಿಯ ಎಲೆಯಡಿಕೆಯ ವಾಸನೆ, ದೀಪ ಹಚ್ಚುವ ಮೊದಲಿನ ಆ ಹೊತ್ತು. ಜ್ವರದ ಹೆಂಗಸು ಮುಚ್ಚಂಜೆಗೆ ಬರ್ತದೆ ಮಗಾ, ಬಾಗಿಲಲ್ಲಿ ನಿಂತು ಒಂದು ಹನಿ ಎಣ್ಣೆ ಕೇಳ್ತದೆ. ಕೊಟ್ಟರೂ ಒಳಗೆ ಬರ್ತದೆ, ಕೊಡದಿದ್ದರೂ ಬರ್ತದೆ. ಮಲಗಿದವರ ಮೈ ಬಿಸಿ ಕುಡಿದು, ಕುಡಿದು, ಹೊಟ್ಟೆ ತುಂಬಿದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಒರಗಿ ಕೂತ್ಕೊಳ್ತದೆ. ಅಜ್ಜಿ ಇಷ್ಟು ಹೇಳಿ ಸುಮ್ಮನಾಗುತ್ತಿದ್ದಳು. ಯಾವ ಗೋಡೆ ಅಜ್ಜಿ ಎಂದು ಕೇಳಿದರೆ, ನಿನ್ನ ಬೆನ್ನ ಹಿಂದಿನದು, ಎನ್ನುತ್ತಿದ್ದಳು. ಸಾಹೇಬರ ಇಂಗ್ಲಿಷ್ ಹಾಳೆಯಲ್ಲಿದ್ದದ್ದೂ ಅಜ್ಜಿ ಹೇಳಿದ್ದೂ ಒಂದೇ ಎಂದು ಹೊಳೆದಾಗ ಕಮಲಿಗೆ ಮೈ ಜುಮ್ಮೆಂದಿತ್ತು. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ಮುಂದಿನ ಸಲ ಕಾಗಾಲದ ಮಾದೇವಿ ಎಂಬವಳ ಅಂಗಳದಲ್ಲಿ ಕೂತು ಅವಳು ಆ ಕತೆ ಹೇಳಿ, ಈ ಪುಡಿ ಗೋಡೆಯ ಮೇಲಿದ್ದರೆ ಆ ಹೆಂಗಸಿನ ಬೆನ್ನು ಸುಡುತ್ತದೆ ಎಂದು ಸೇರಿಸಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಾದೇವಿಯ ಮಗಳನ್ನು ಹಿಂದಿನ ವರ್ಷದ ಜ್ವರ ತಿಂದಿತ್ತು. ಅಳಿಯ ಮುಂಬಯಿಯ ಬಂದರಿನ ಗೋದಿಯಲ್ಲಿ ಕೂಲಿಗೆ ಹೋದವನು ತಿರುಗಿ ನೋಡಿರಲಿಲ್ಲ. ಮೂರು ವರ್ಷದ ಮೊಮ್ಮಗಳು ಸಣ್ಣಿ ಅಜ್ಜಿಯ ಸೊಂಟದ ಮೇಲೇ ಬೆಳೆಯುತ್ತಿತ್ತು. 'ಆತು,' ಎಂದಿದ್ದಳು ಮಾದೇವಿ. 'ಆದ್ರೆ ಅಮ್ಮನ ಕೇಳದೆ ಎಂತದೂ ಒಳಗೆ ಬರೂಕಿಲ್ಲ.'

ಆ ಊರಲ್ಲಿ ಹೊಸ ಬಲೆಯೂ, ಮೊದಲ ಮೀನೂ, ಕರು ಹಾಕಿದ ಹಸುವಿನ ಹಾಲೂ ಮೊದಲು ಊರ ದೇವತೆ ಮಾಸ್ತಮ್ಮನ ಕಲ್ಲಿನ ಎದುರು ಇಟ್ಟಮೇಲೆಯೇ ಮನೆಗೆ. ಸುಬ್ಬ ಪುಡಿಯ ಡಬ್ಬವನ್ನೂ ಮುಚ್ಚಳ ತೆಗೆದು ಅಲ್ಲೇ ಇಟ್ಟ. ಪೂಜೆ ಮಾಡುವ ಗುನಗ ಬೊಮ್ಮಯ್ಯ ನೀರಲ್ಲಿ ಅದ್ದಿದ ಅಡಿಕೆ ಹಿಂಗಾರದ ಎಸಳುಗಳನ್ನು ಕಲ್ಲಿನ ಎರಡೂ ಮಗ್ಗುಲಿಗೆ ಅಂಟಿಸಿ ಕಣ್ಣು ಮುಚ್ಚಿದ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಕಮಲಿ ಆಚೆ ಸಮುದ್ರದ ಕಡೆ ನೋಡುತ್ತ ನಿಂತಿದ್ದಳು, ಆಫೀಸಿಗೆ ಏನೆಂದು ಬರೆಯಲಿ ಎಂದು ಯೋಚಿಸುತ್ತ. ಗಾಳಿ ಇರಲಿಲ್ಲ. ತಿರುಗಿ ನೋಡಿದಾಗ ಬಲಗಡೆಯ ಎಸಳು ನೆಲದ ಮೇಲಿತ್ತು, ಹೆಂಗಸರು ಅವಳಿಗೇ ಕೈ ಮುಗಿಯುತ್ತಿದ್ದರು. ಅವತ್ತು ಅವಳಿಗೆ ಸಂತೋಷವಾಗಿತ್ತು. ಹೆದರಿಕೆಯೂ ಆಗಿತ್ತು, ಆದರೆ ಅದು ಅಜ್ಜಿಯ ಕತೆ ಕೇಳುವಾಗಿನಂಥ ಹೆದರಿಕೆ, ಸಿಹಿಯಾದದ್ದು.

ಸುಬ್ಬ ಬಂದದ್ದು ಅವಳು ಮೇಜಿನ ಹಾಳೆಯ ಆ ಅರ್ಧ ಸಾಲನ್ನು ಹೊಡೆದು ಹಾಕಿ ಮತ್ತೆ ಬರೆಯುತ್ತಿದ್ದಾಗ. ನಾಳೆಯ ತಯಾರಿಗೆಂದು ಅವನು ಬೆಳಗಿನ ತಂಪಿಗೇ ಕಾಗಾಲಕ್ಕೆ ಹೋಗಿ ಬಂದಿದ್ದ. ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡು ಬಾಗಿಲ ಕಟ್ಟೆಯ ಮೇಲೆ ಕೂತ.

'ಅಕ್ಕೋರೆ, ನಿಮ್ಮ ಕಾಗಾಲದ ಬೆಕ್ಕೆಲ್ಲ ಖಾಲಿ,' ಎಂದ. 'ಕುಡಿದವರ ಹಾಂಗೆ ನಡಗ್ತಾ ನಡಗ್ತಾ ಹೋಗಿ ಬಿದ್ದವಂತೆ. ಇಲಿಗೆ ಈಗ ಹಬ್ಬ.'

'ಜನ ಎಂತ ಹೇಳ್ತಾರೆ?'

'ಎಂತ ಹೇಳ್ತಾರೆ. ಅಮ್ಮ ಮನುಷ್ಯರ ಬದಲಿಗೆ ಬೆಕ್ಕು ತಕಂಡು ಹೋತು ಅಂತ ಖುಷಿಯಾಗೇ ಇದ್ದಾರೆ. ಆ ಗಣಪಿ ನನ್ನ ಅಟ್ಟಿದ್ದಲ್ಲ, ಇವತ್ತು ಕರೆದು ಎಳನೀರು ಕೊಟ್ಟಿತು.' ಅವನು ನಗುತ್ತ ಮುಂಡಾಸು ಝಾಡಿಸಿದ. 'ಗೋಡೆ ಮಾತ್ರ ನಾಳೆ ಸಾಯ್ಬರಿಗೆ ತೋರ್ಸೂ ಹಾಂಗಿಲ್ಲ. ಮತ್ತೆ ಹೊಡೀಬೇಕು. ಎಲ್ಲ ಕೆರೆದು ಕರಟಕ್ಕೆ ತುಂಬಿ ಇಟ್ಕಂಡಿದ್ದಾರೆ.'

'ಯಾಕೆ?'

'ಪ್ರಸಾದ ಅಲ್ದಾ? ಬೆಳಿಗ್ಗೆ ಎದ್ದು ನಾಲಗೆ ಮೇಲೆ ಒಂದು ಚೂರು, ಉಳಿದದ್ದು ನೆತ್ತಿಗೆ. ಮಕ್ಕಳಿಗೆ ಮೊದ್ಲು. ಆ ಮಾದೇವಿ ಮೊಮ್ಮಗಳಿಗೆ ಎರಡು ಹೊತ್ತೂ ಹಾಕ್ತದೆ, ಜ್ವರ ಬಂದದೆ ಅಂತ.' ಅವಳ ಮುಖ ನೋಡಿ ಅವನ ನಗು ಅರ್ಧಕ್ಕೆ ನಿಂತಿತು. 'ಎಂತ ಆಗೂದಿಲ್ಲ ಅಲ್ದಾ ಅಕ್ಕೋರೆ? ದಿನಾ ನನ್ನ ಮೂಗಿಗೂ ಹೋಗ್ತದೆ.'

ಅವಳು ಎದ್ದದ್ದೂ, ಕೋಣೆಗಳನ್ನು ದಾಟಿದ್ದೂ ಅವಳಿಗೆ ನೆನಪಾಗಲಿಲ್ಲ. ಸಬ್ನೀಸ್ ಸಾಹೇಬರು ನಾಳೆಗೆಂದು ನಕ್ಷೆಯನ್ನು ಗೋಡೆಗೆ ಹಚ್ಚಿಸುತ್ತಿದ್ದರು. ಭಟ್ಕಳ, ಹೊನ್ನಾವರ, ಕುಮಟೆಗಳ ಮೇಲೆ ಕೆಂಪು ಮೊಳೆಗಳು, ಬಾಗಿಲೆಲ್ಲ ತೆರೆದ ಕಾಗಾಲದ ಮೇಲೆ ಒಂದೇ ಒಂದು ಹಸಿರು. ಆಳನ್ನು ಹೊರಗೆ ಕಳಿಸಿ ಅವರು ಅವಳು ಹೇಳಿದ್ದನ್ನೆಲ್ಲ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

'ಎಷ್ಟು ತಿನ್ನುತ್ತಾರೆ?'

'ಉಗುರಿನ ತುದಿಯಷ್ಟು ಸರ್. ಹೊಡೆದ ದಿನದಿಂದ ಇರಬೇಕು. ಬೆಕ್ಕುಗಳು ಸತ್ತಿವೆ.'

'ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ. ಮನುಷ್ಯ ಬೆಕ್ಕಲ್ಲ.'

'ಮೂರು ವರ್ಷದ ಮಗು ಒಂದಿದೆ.'

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕನ್ನಡಕವಿಲ್ಲದ ಅವರ ಮುಖ ನಿದ್ದೆಗೆಟ್ಟ ಯಾರದೋ ಮನೆಯ ಅಜ್ಜನಂತಿತ್ತು. 'ಮಗುವಿನ ಮೇಲೆ ಯಾರೂ ಅಳೆದು ನೋಡಿಲ್ಲ ಕಮಲಾಬಾಯಿ. ಏನೂ ಆಗದೆ ಇರಬಹುದು. ಗೊತ್ತಿಲ್ಲ. ನಿಲ್ಲಿಸಬೇಕು, ಇವತ್ತೇ. ಆದರೆ ವಿಷ ಅನ್ನುವ ಮಾತು ನಿಮ್ಮ ಬಾಯಿಂದ ಬರಬಾರದು. ಆ ಮಾತು ಸಂತೆ ಸೇರಿದರೆ ಇಲ್ಲಿಂದ ಭಟ್ಕಳದವರೆಗೆ ಒಂದು ಬಾಗಿಲೂ ತೆರೆಯುವುದಿಲ್ಲ. ಕಳೆದ ವರ್ಷ ಹೊನ್ನಾವರದ ಆಚೆ ಎಷ್ಟು ಜನ ಜ್ವರಕ್ಕೆ ಹೋದರು, ನೀವೇ ಬರೆದುಕೊಟ್ಟಿರಿ.'

'ಮತ್ತೆ ಏನು ಹೇಳಲಿ?'

'ಅದು ನಿಮ್ಮ ಕೆಲಸ,' ಎಂದರು ಅವರು, ಮೆತ್ತಗೆ. 'ತೆರೆಸಿದವರು ನೀವು. ಹೇಗೆ ಅಂತ ನಾನು ಅವತ್ತೂ ಕೇಳಲಿಲ್ಲ.'

ಪುಡಿಯ ಡಬ್ಬ ಹೇರಿದ ಗಾಡಿಯಲ್ಲಿ ಸುಬ್ಬನ ಜತೆ ಅವಳು ಹೊರಟಾಗ ಬಿಸಿಲು ನೆತ್ತಿ ದಾಟಿತ್ತು. ಗದ್ದೆ ಕೊಯ್ಲಾಗಿ ಕೂಳೆ ಉಳಿದಿತ್ತು, ಅದರ ಆಚೆ ತೆಂಗಿನ ಸಾಲು, ಸಾಲಿನ ಆಚೆ ಕಾಣದ ಸಮುದ್ರದ ಸದ್ದು. ಬಾಡ ಎಂಬ ಊರಿನ ಹತ್ತಿರ ಮೀನು ಮಾರಿ ಬರುತ್ತಿದ್ದ ಹೆಂಗಸರು ಬುಟ್ಟಿ ಇಳಿಸಿ, ಪುಡಿ ಅಕ್ಕೋರೆ, ನಮ್ಮೂರಿಗೆ ಯಾವಾಗ ಬತ್ರಿ, ನಮಗೆಂತ ಜ್ವರ ಬರೂದಿಲ್ವಾ, ಎಂದು ಕೇಳಿದರು. ಅವಳು ಕೈ ಎತ್ತಿದಳು. ಗಾಡಿ ಅಲುಗಿದಾಗೆಲ್ಲ ಡಬ್ಬಗಳು ಒಂದಕ್ಕೊಂದು ತಾಗಿ ಹಲ್ಲು ಕಡಿದಂತೆ ಸದ್ದಾಗುತ್ತಿತ್ತು. ನೇರವಾಗಿ ಹೇಳುತ್ತೇನೆ, ತಿನ್ನಬೇಡಿ ಅನ್ನುತ್ತೇನೆ, ಅಷ್ಟೇ ಸಾಕು, ಅವರೇನು ಮಕ್ಕಳೇ. ಹೀಗೆ ಅಂದುಕೊಂಡ ಮರುಗಳಿಗೆ, ಅಜ್ಜಿ ಬೇಡ ಎಂದದ್ದನ್ನು ತಾನು ಯಾವತ್ತು ಬಿಟ್ಟಿದ್ದೆ ಎಂದು ನೆನಪಾಯಿತು. ಬಾವಿಕಟ್ಟೆ ಹತ್ತಬೇಡ ಎಂದರೆ ಹತ್ತುತ್ತಿದ್ದಳು. ಬಾವಿಯೊಳಗಿಂದ ಒಬ್ಬಳು ಕೂದಲು ಬಾಚಿಕೊಳ್ಳುತ್ತ ಮೇಲೆ ನೋಡುತ್ತಾಳೆ ಎಂದು ಅಜ್ಜಿ ಹೇಳಿದ ದಿನದಿಂದ ಆ ಕಡೆಗೆ ಹೋಗಲಿಲ್ಲ. ಈಗಲೂ, ಈ ವಯಸ್ಸಿಗೂ, ಬಾವಿಯ ನೀರು ನೋಡುವಾಗ ಅವಳು ಮೊದಲು ಹಗ್ಗ ಅಲುಗಿಸುತ್ತಿದ್ದಳು. ಅಜ್ಜಿ ತನ್ನನ್ನು ಉಳಿಸಿದಳೋ ಹಾಳು ಮಾಡಿದಳೋ. ಸುಬ್ಬ ಏನೋ ಮಾತಾಡುತ್ತ ಎತ್ತಿನ ಬಾಲ ತಿರುವಿದ. ದಾರಿಯ ಬದಿಯ ಅಗಳಿನಲ್ಲಿ ಹೊಟ್ಟೆ ಉಬ್ಬಿದ ಬೆಕ್ಕೊಂದು ಬಿದ್ದಿತ್ತು. ಅದರ ಮೇಲೆ ಒಂದು ನೊಣವೂ ಇರಲಿಲ್ಲ.

ಮಾದೇವಿಯ ಅಂಗಳದಲ್ಲಿ ಕೇರಿಯ ಹೆಂಗಸರೆಲ್ಲ ಸೇರಿದ್ದರು. ನಾಳೆಗೆಂದು ಸಗಣಿ ಸಾರಿಸಿದ ನೆಲ ಇನ್ನೂ ಹಸಿಯಾಗಿತ್ತು. ಗುನಗ ಬೊಮ್ಮಯ್ಯ ಕಟ್ಟೆಯ ಮೇಲೆ ಕೂತು ತೆಂಗಿನ ಗರಿ ಹೆಣೆಯುತ್ತಿದ್ದ.

'ಬನ್ನಿ ಅಕ್ಕೋರೆ, ಕೂತ್ಕಣಿ,' ಎಂದು ಮಾದೇವಿ ಚಾಪೆ ಝಾಡಿಸಿದಳು. 'ಎಂತ ಮುಖ ಹಾಂಗಾಗದೆ? ನಾಳೆ ಸಾಯ್ಬರು ಬತ್ರು, ಯಾವ ಸೀರೆ ಉಡೂದು ಅಂತ ನಮಗೆ ಚಿಂತೆ.'

'ಇದ್ದದ್ದೇ ಎರಡು,' ಎಂದಳು ಗಣಪಿ. 'ಒಂದು ಮೈ ಮೇಲೆ, ಒಂದು ಬೇಲಿ ಮೇಲೆ. ಯಾವುದು ಒಣಗಿತೋ ಅದು.'

ಎಲ್ಲರೂ ನಕ್ಕರು. ಕಮಲಿಯ ಕಣ್ಣು ಮಾದೇವಿಯ ಮಡಿಲಿಗೆ ಹೋಯಿತು. ಸಣ್ಣಿ ಅಲ್ಲಿ ಮುದುರಿ ಮಲಗಿತ್ತು, ಕೆಂಪೇರಿದ ಕಣ್ಣು ಅರ್ಧ ತೆರೆದು. ಕೆಳತುಟಿಯ ಅಂಚಿನಲ್ಲಿ ಹಾಲು ಕುಡಿದು ಒಣಗಿದಂತೆ ಬಿಳಿ ಇತ್ತು. ಅಜ್ಜಿಯ ಸೆರಗನ್ನು ಹಿಡಿದಿದ್ದ ಬೆರಳುಗಳು ಸಣ್ಣಗೆ ಅಲುಗುತ್ತಿದ್ದವು. ಚಳಿಜ್ವರಕ್ಕೂ ಹಾಗೆ ಅಲುಗುತ್ತವೆ, ಕಮಲಿ ಎಷ್ಟೋ ಮಕ್ಕಳಲ್ಲಿ ಕಂಡಿದ್ದಳು.

'ಗೋಡೆಯ ಪುಡಿ ತಿನ್ನಬೇಡಿ,' ಎಂದಳು. ದಾರಿಯುದ್ದಕ್ಕೂ ಹಿಡಿದು ತಂದ ಮಾತು, ಆಡಿದಾಗ ಬಹಳ ಚಿಕ್ಕದೆನ್ನಿಸಿತು.

'ತಿನ್ನೂದಾ?' ಮಾದೇವಿಗೆ ಆಶ್ಚರ್ಯ. 'ತಿನ್ನೂಕೆ ಅದೇನು ಅವಲಕ್ಕಿಯಾ? ಪ್ರಸಾದ ಅಂತ ಒಂದು ಚೂರು ನಾಲಗೆಗೆ ಮುಟ್ಟಿಸೂದು.'

'ಅದು ಪ್ರಸಾದ ಅಲ್ಲ. ಔಷಧ. ಗೋಡೆಗೆ ಮಾತ್ರ.'

ಬೊಮ್ಮಯ್ಯ ಹೆಣಿಗೆ ನಿಲ್ಲಿಸಿದ. 'ಅಮ್ಮನ ಎದುರಿಗೆ ಇಡ್ಸಿದವರು ನೀವೇ ಅಲ್ದಾ ಅಕ್ಕೋರೆ?'

'ಹೌದು.'

'ಬಲಕ್ಕೆ ಬಿತ್ತಾ, ಇಲ್ಲಾ?'

'ಬಿತ್ತು. ಇನ್ನೊಮ್ಮೆ ಕೇಳಿ ಬೊಮ್ಮಯ್ಯ. ಬಾಯಿಗೆ ಹಾಕಬಹುದಾ ಅಂತ ಕೇಳಿ.'

'ಕೊಟ್ಟ ಮಾತನ್ನ ಮತ್ತೆ ಕೇಳೂಕಿಲ್ಲ,' ಎಂದ ಅವನು. ಸಿಟ್ಟಿಲ್ಲದೆ, ತಿಳಿಸಿ ಹೇಳುವಂತೆ. 'ಅಮ್ಮ ಎಂತ ಅಂಗಡಿಯವನಾ, ಎರಡು ಸಲ ತೂಗಿ ಕೊಡೂಕೆ?'

'ಹಾಗಾದರೆ ಕೇಳಿ. ಆ ಕತೆ ನಾನೇ ಕಟ್ಟಿ ಹೇಳಿದ್ದು. ಜ್ವರದ ಹೆಂಗಸು, ಗೋಡೆಗೆ ಒರಗೂದು, ಎಲ್ಲ. ನಿಮ್ಮ ಬಾಗಿಲು ತೆಗೆಸೂಕೆ.'

ಇದನ್ನು ಹೇಳುವಾಗ ಅವಳ ಕಿವಿ ಬಿಸಿಯಾಗಿತ್ತು, ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದ್ದಳು. ಬಿದ್ದದ್ದು ನಗು. ಮಾದೇವಿ ಅವಳ ಮೊಣಕಾಲು ತಟ್ಟಿದಳು. 'ನೀವು ಕಟ್ಟಿದ್ದಾ? ಎಂತ ಅಕ್ಕೋರೆ, ಅದನ್ನ ನಮ್ಮವ್ವ ಹೇಳ್ತಿತ್ತು, ನೀವು ಹುಟ್ಟೂಕೆ ಮುಂಚೆ. ನೀವು ಹೇಳಿದ ದಿನವೇ ನಂಗೆ ಗೊತ್ತಾತು, ಇದು ನಮ್ಮ ಮಾತೇ ಅಂತ. ನನ್ನ ಮಗಳು ಸಾಯೂ ದಿನ ಗೋಡೆ ಬದಿಗೇ ನೋಡ್ತಿತ್ತು. ನೀವು ಬೇರೆ ಎಂತದನ್ನೇ ಹೇಳಿದ್ರೂ ನಾ ಬಾಗಿಲು ತೆಗೀತಿರ್ಲಿಲ್ಲ.' ಅವಳು ಪಕ್ಕದಲ್ಲಿದ್ದ ಕರಟಕ್ಕೆ ಬೆರಳು ಅದ್ದಿದಳು, ಮಾತಿನ ನಡುವೆ, ಎಲೆಗೆ ಸುಣ್ಣ ಹಚ್ಚುವವಳಂತೆ. 'ಇದೊಂದೇ ಉಳಿದದೆ ನಂಗೆ. ಸಣ್ಣೀ, ಬಾಯಿ ತೆಗಿ ಮಗಾ.'

ಮಗು ಬಾಯಿ ತೆರೆಯಿತು. ರೂಢಿಯಾಗಿತ್ತು ಅದಕ್ಕೆ.

'ಇವತ್ತು ಬೆಳಗಿನ ಜಾವ ನಂಗೊಂದು ಕನಸು ಬಿತ್ತು,' ಎಂದಳು ಕಮಲಿ.

ಆ ದನಿ ಎಲ್ಲಿಂದ ಬಂತೋ. ತಗ್ಗಿದ, ಸ್ವಲ್ಪ ಒಡೆದ, ಅವಸರವಿಲ್ಲದ ದನಿ; ಎಲೆಯಡಿಕೆ ಜಗಿಯುತ್ತ ಹಿತ್ತಿಲ ಜಗಲಿಯಲ್ಲಿ ಕೂತವಳದು. ಮಾದೇವಿಯ ಬೆರಳು ನಡುವೆ ನಿಂತಿತು. ಅಂಗಳದಲ್ಲಿ ಯಾರೋ ಕೆಮ್ಮುತ್ತಿದ್ದವರು ಕೆಮ್ಮು ನುಂಗಿಕೊಂಡರು. ಕಮಲಿಗೆ ಮುಂದಿನ ಮಾತು ಗೊತ್ತಿರಲಿಲ್ಲ, ಆದರೆ ಅದು ಬರುತ್ತದೆಂದು ಗೊತ್ತಿತ್ತು, ಹೊಳೆ ದಾಟುವಾಗ ಕಾಲಿಗೆ ಕಲ್ಲು ಸಿಗುವಂತೆ. ಅಮ್ಮ ಬಂದಿತ್ತು, ಎಂದಳು. ಕೆಂಪು ಸೀರೆ ಇರಲಿಲ್ಲ, ಮಾಸಿದ್ದು. ಕೂದಲು ಕಟ್ಟಿರಲಿಲ್ಲ. ಗೋಡೆಗೆ ಕೊಟ್ಟದ್ದನ್ನ ಬಾಯಿಗೆ ಯಾಕೆ ಹಾಕಿದ್ರಿ ಅಂತ ಕೇಳ್ತು. ಆ ಹೆಂಗಸು ಗೋಡೆಗೆ ಒರಗಿಯೇ ಕೂರಬೇಕು, ಒರಗದೆ ಅದಕ್ಕೆ ಜೀವ ಇಲ್ಲ. ಗೋಡೆ ಸುಟ್ಟರೆ ಬೇರೆ ಗೋಡೆ ಹುಡುಕ್ತದೆ. ಗೋಡೆಯ ಪುಡಿ ನುಂಗಿದವರ ಮೈಯೇ ಅದಕ್ಕೆ ಗೋಡೆ. ಹುಡುಕಿಕೊಂಡು ಬಂದು ಒಳಗೇ ಒರಗಿ ಕೂತ್ಕೊಳ್ತದೆ, ಪಕ್ಕೆಲುಬಿಗೆ ಬೆನ್ನು ಕೊಟ್ಟು. ಅಲ್ಲಿಂದ ಏಳಿಸೂಕೆ ನನ್ನ ಹತ್ರವೂ ಆಗೂದಿಲ್ಲ, ಅಂತ ಹೇಳ್ತು.

ಗಣಪಿ ಎದ್ದಳು, ತನ್ನ ಮನೆಯೊಳಗೆ ಹೋಗಿ ಕರಟ ತಂದು ಬೇಲಿಯಾಚೆ ಬೀಸಿ ಒಗೆದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಮಕ್ಕಳನ್ನು ಹಿಡಿದು ಸೆರಗಿನ ತುದಿಯಿಂದ ನಾಲಗೆ ಉಜ್ಜಿದರು, ಮಕ್ಕಳು ಅತ್ತವು. ಬೊಮ್ಮಯ್ಯ ಗರಿ ಕೆಳಗಿಟ್ಟು ಎರಡು ಕೈ ಜೋಡಿಸಿದ. ಕಮಲಿಗೆ ಹಗುರವೆನ್ನಿಸಿತು. ಆತು, ನಿಂತಿತು, ಇನ್ನು ಯಾರೂ ಮುಟ್ಟುವುದಿಲ್ಲ. ಅದರ ಹಿಂದೆಯೇ ನಾಚಿಕೆಗೆಟ್ಟ ಒಂದು ಸುಖ ಮೈಯೆಲ್ಲ ಹರಿಯಿತು, ಇಡೀ ಕೇರಿ ತನ್ನ ಒಂದು ಉಸಿರಿಗೆ ಎದ್ದು ನಿಂತದ್ದಕ್ಕೆ. ಗೋಡೆ ಉಳಿಯಿತು. ನಾಳೆ ಸಮಿತಿಯವರು ಬರುತ್ತಾರೆ, ಬಾಗಿಲು ತೆರೆದೇ ಇರುತ್ತವೆ. ಸಾಹೇಬರ ಹಸಿರು ಮೊಳೆ ಅಲ್ಲೇ ಇರುತ್ತದೆ. ಗಾಡಿಯ ಹತ್ತಿರ ನಿಂತ ಸುಬ್ಬ ಅವಳನ್ನೇ ನೋಡುತ್ತಿದ್ದ. ಅವಳು ಅವನ ಕಡೆ ನೋಡಿ ನಗಲು ಹೋದಳು. ಅವನು ಕಣ್ಣು ತಪ್ಪಿಸಿದ.

ಮಾದೇವಿ ಮಾತ್ರ ಎದ್ದಿರಲಿಲ್ಲ. ಬೆರಳಿನ ಪುಡಿಯನ್ನು ನಿಧಾನ ನೆಲಕ್ಕೆ ಒರೆಸಿದಳು.

'ಅಕ್ಕೋರೆ,' ಎಂದಳು. 'ಇನ್ನು ಹಾಕೂದಿಲ್ಲ. ಆತು. ಒಳಗೆ ಹೋದದ್ದಕ್ಕೆ ಅಮ್ಮ ಎಂತ ಹೇಳ್ತು?'

ಕಮಲಿ ಬಾಯಿ ತೆರೆದಳು. ಆ ದನಿ ಬರಲಿ ಎಂದು ಕಾದಳು. ಅಂಗಳವೂ ಕಾದಿತ್ತು, ಹೆಂಗಸರು ಹೋಗುತ್ತಿದ್ದಲ್ಲೇ ತಿರುಗಿ ನಿಂತಿದ್ದರು, ಕತೆ ಇನ್ನೂ ಇದೆ ಎಂದು. ಏನೂ ಆಗೂದಿಲ್ಲ ಅನ್ನಬೇಕು. ಅನ್ನಬಹುದೇ? ಏನೂ ಆಗದೆ ಇರಬಹುದು ಎಂದಿದ್ದರಲ್ಲ ಸಾಹೇಬರು. ಆಗದೆ ಇರಬಹುದು ಎನ್ನುವ ಮಾತಿಗೆ ಅಜ್ಜಿಯ ಬಾಯಲ್ಲಿ ಜಾಗವಿರಲಿಲ್ಲ. ಅವಳ ಕತೆಗಳಲ್ಲಿ ಆಗುತ್ತಿತ್ತು, ಇಲ್ಲವೇ ಆಗುತ್ತಿರಲಿಲ್ಲ. ಅವಳು ಮಗುವಿನ ಬೆರಳುಗಳನ್ನು ನೋಡಿದಳು.

'ಗೊತ್ತಿಲ್ಲ,' ಎಂದಳು.

'ಅಮ್ಮನಿಗೆ ಗೊತ್ತಿಲ್ವಾ?'

'ನಂಗೆ ಗೊತ್ತಿಲ್ಲ ಮಾದೇವಿ. ಯಾರಿಗೂ.'

'ಕೈ ಕಾಣು ಅದರದ್ದು,' ಎಂದು ಬೇಲಿಯ ಹತ್ತಿರದಿಂದ ಯಾರೋ ಮೆಲ್ಲಗೆ ಅಂದರು. 'ಬೆಕ್ಕಿನ ಹಾಂಗೇ ನಡಗ್ತದೆ.'

'ಎರಡು ಹೊತ್ತೂ ಹಾಕಿದ್ದು,' ಎಂದಳು ಗಣಪಿ. ಬೇಕೆಂದು ಆಡಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಹಾಗೆ ಅನ್ನುತ್ತಲೇ ಅವಳು ತನ್ನ ಮಗನನ್ನು ಎತ್ತಿ ಸೊಂಟಕ್ಕೇರಿಸಿಕೊಂಡು ಹಿಂದೆ ಸರಿದಳು. ಉಳಿದವರ ಮಕ್ಕಳೂ ಅದೇ ಪುಡಿ ತಿಂದಿದ್ದವು, ಒಂದು ಹೊತ್ತೋ ಎರಡು ಹೊತ್ತೋ. ಆದರೆ ಈಗ ಎಲ್ಲರ ಕಣ್ಣೂ ಒಂದೇ ಕಡೆ ಇತ್ತು. ಬಿಸಿ ಇರುವುದು ಅಲ್ಲಿ, ನಡುಕ ಇರುವುದು ಅಲ್ಲಿ. ಜ್ವರದ ಹೆಂಗಸು ಒರಗಿ ಕೂತದ್ದು ಎಲ್ಲಿ ಎನ್ನುವುದು ಅವರಿಗೆ ಕಂಡುಹೋಗಿತ್ತು.

'ಜ್ವರ ಅದು,' ಎಂದಳು ಕಮಲಿ. 'ಬರೇ ಚಳಿಜ್ವರ. ಗುಳಿಗೆ ಕೊಟ್ಟರೆ ಬಿಡ್ತದೆ. ಕೇಳಿ, ನಾನು ಹೇಳಿದ್ದೆಲ್ಲ ಸುಳ್ಳು, ಕನಸು ಬೀಳಲಿಲ್ಲ ನಂಗೆ.' ಅದು ಶಾಲೆಯ ಅಕ್ಕೋರ ದನಿ, ತೆಳ್ಳಗಿತ್ತು, ಯಾರಿಗೂ ತಾಗದೆ ಸಾರಿಸಿದ ನೆಲದ ಮೇಲೆ ಬಿತ್ತು. ಬೊಮ್ಮಯ್ಯ ಅವಳನ್ನು ಕನಿಕರದಿಂದ ನೋಡಿದ. ಹೆದರಿ ಮಾತು ತಿರುಗಿಸುತ್ತಿದ್ದಾಳೆ, ಪಾಪ, ಎಂಬಂತೆ.

ಮಾದೇವಿ ಎರಡು ಕೈಯನ್ನೂ ಮಗುವಿನ ಅಡಿಗೆ ಕೊಟ್ಟು ಮೆತ್ತಗೆ ಎತ್ತಿ ಚಾಪೆಯ ಮೇಲೆ ಮಲಗಿಸಿದಳು. ಮಲಗಿಸಿದ ಮೇಲೆ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಸಣ್ಣಿ ಅಜ್ಜಿಯ ಕಡೆಗೆ ತೋಳು ಚಾಚಿತು. ತೋಳು ಗಾಳಿಯಲ್ಲಿ ನಿಂತು ಅಲುಗಿತು. ಮಾದೇವಿ ನೋಡುತ್ತಲೇ ಇದ್ದಳು, ಅವಳ ಕೈ ಒಮ್ಮೆ ಮುಂದೆ ಬಂದು ಮತ್ತೆ ಹೊಟ್ಟೆಗೇ ಹೋಯಿತು. ಅವಳು ಕೂತಲ್ಲಿಂದಲೇ, ನೆಲಕ್ಕೆ ಅಂಟಿಕೊಂಡೇ, ಸ್ವಲ್ಪ ಆಚೆ ಜರುಗಿದಳು.

ಕಮಲಿ ಬಗ್ಗಿ ಮಗುವನ್ನು ಎತ್ತಿಕೊಂಡಳು. ಬಿಸಿಯಾಗಿತ್ತು, ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಅದು ಅವಳ ಭುಜಕ್ಕೆ ಕೆನ್ನೆ ಇಟ್ಟು ಬೆನ್ನನ್ನು ಅವಳ ತೋಳಿಗೆ ಕೊಟ್ಟು ಒರಗಿತು. ಕುಮಟೆಯ ಆಸ್ಪತ್ರೆಗೆ ಒಯ್ಯುತ್ತೇನೆ, ಎಂದಳು, ಯಾರಿಗೆಂದು ತಿಳಿಯದೆ. ಯಾರೂ ಬೇಡ ಅನ್ನಲಿಲ್ಲ. ಗಾಡಿ ಬೇಲಿಯ ಆಚೆ ಇತ್ತು, ಮಧ್ಯೆ ಹೆಂಗಸರು ನಿಂತಿದ್ದರು. ಸರಿಯಿರಿ ಎಂದು ಅವಳು ಕೇಳಬೇಕಾಗಲಿಲ್ಲ. ಅವಳು ಒಂದು ಹೆಜ್ಜೆ ಇಡುತ್ತಲೇ ಅವರು ಸೆರಗುಗಳನ್ನು ಮೈಗೆ ಒತ್ತಿ ಹಿಡಿದು ಆಚೀಚೆ ಸರಿದರು, ಇನ್ನೊಂದು ಹೆಜ್ಜೆಗೆ ಇನ್ನೂ ಸರಿದರು. ಗಾಡಿ ಹೋಗುವಷ್ಟು ದಾರಿ ಬಿಟ್ಟುಕೊಂಡು, ಮಗುವನ್ನಷ್ಟೇ ಅಲ್ಲ, ಇಬ್ಬರನ್ನೂ ನೋಡುತ್ತ ನಿಂತರು.